ಶಾಲೆಯ ಮಕ್ಕಳಿಗೆ ಕಲೆಯ ದತ್ತಿ

ಹರಿಹರಕ್ಕೆ ಹೋದವರು ಹರಿಹರೇಶ್ವರನ ದೇಗುಲವನ್ನು ನೋಡದೆ ಹಿಂದಿರುಗುವುದುಂಟೆ? ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಪೋಲಾಳ್ವ ದಂಡನಾಯಕನು ಕಟ್ಟಿಸಿದ ಗುಡಿ ಅದು. ಕಂಬಗಳ ನುಣುಪನ್ನು ಕೈಯಿಂದ ಸವರಿ ಮೆಚ್ಚುವವರು ಬಹಳ. ಅಲ್ಲಿಯ ಶಾಸನಗಳ ಮುಂದೆ ಅರೆಗಳಿಗೆ ನಿಲ್ಲುವವರು ವಿರಳ.

ದಾನಶಾಸನಗಳ ರೀತಿಯನ್ನು ತಾವು ಬಲ್ಲಿರಿ. ಕೊಟ್ಟದ್ದು ಯಾವ ಭೂಮಿ, ಅದರ ನಾಲ್ಕು ಎಲ್ಲೆ ಯಾವುವು, ಅದರ ಆದಾಯ ಯಾವ ಕಾರ್ಯಕ್ಕೆ ಸಲ್ಲತಕ್ಕದ್ದು ಎಂಬುದನ್ನು ಹೇಳಿ, ಕಡೆಗೆ ಅಳಿದವನಿಗೆ ಶಾಪವನ್ನೂ ಕೊರೆಯಿಸುತ್ತಿದ್ದರು. ವಿದ್ಯೆಗೂ ಕಲೆಗೂ ಹಣ ಒದಗುತ್ತಿದ್ದುದು ಹೀಗೆಯೇ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವನ್ನು ಓದಿ ನೋಡಿ: ಅಲ್ಲಿ ವೇದ, ವ್ಯಾಕರಣಗಳ ಜೊತೆಗೆ ಕಾವ್ಯನಾಟಕಗಳ ಅಧ್ಯಯನವೂ ನಡೆಯುತ್ತಿತ್ತು, ದೀನರಿಗೆ ಅನ್ನ, ರೋಗಿಗಳಿಗೆ ಮದ್ದು ಕೂಡ ಅದೇ ಮಠದಲ್ಲಿ. ನಾಟಕವು ಅನ್ನದ ಪಂಕ್ತಿಯಲ್ಲಿಯೇ ಕುಳಿತಿತ್ತೆಂಬುದು ನನಗೆ ಬಹು ಪ್ರಿಯವಾದ ಸಂಗತಿ. ಆದರೆ ಆ ವಿದ್ಯೆ ಎಲ್ಲರ ಮಕ್ಕಳಿಗೆ ತೆರೆದಿರಲಿಲ್ಲವೆಂಬುದನ್ನೂ ಮರೆಯಲಾಗದು.

ಎಲ್ಲರಿಗೂ ತೆರೆದಿದ್ದುದು ಬಯಲಾಟ. ಹರಿಹರ ತಾಲ್ಲೂಕಿನ ಭಾನುವಳ್ಳಿಯಂತಹ ಊರನ್ನು ತೆಗೆದುಕೊಳ್ಳಿ. (ಹೆಸರಿನ ಕೊನೆಯ ‘ವಳ್ಳಿ’ ಹಳಗನ್ನಡದ ‘ಪಳ್ಳಿ’ಯೇ, ಬೆಮರ್, ಪನಿ ಸೇರಿ ‘ಬೆಮರ್ವನಿ’ಯಾದಂತೆ ಇಲ್ಲಿಯೂ ಪಕಾರಕ್ಕೆ ವಕಾರ.) ಈ ಸೀಮೆಯ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಮನೆಮನೆಯಿಂದ ಕಾಳು ಕೂಡಿಸಿ ಆಟ ಕಟ್ಟುತ್ತಿದ್ದರು. ಕೂಸುಗಳಿಗೆ ಟಿಕೆಟ್ಟಿಲ್ಲ, ಬೆಳಗಿನ ತನಕ ಕಣ್ಣುಜ್ಜಿಕೊಂಡು ನೋಡುವುದಷ್ಟೇ.

ವೃತ್ತಿನಾಟಕದ ಕಂಪನಿಗಳು ಬಂದಾಗ ಟಿಕೆಟ್ಟೂ ಬಂದಿತು. ದಾವಣಗೆರೆಯ ಚಿಂದೋಡಿ ಮನೆತನದ ಕೆ. ಬಿ. ಆರ್. ಡ್ರಾಮಾ ಕಂಪನಿಯ ಕೀರ್ತಿಯನ್ನು ನಾನು ಹೇಳಬೇಕಾಗಿಲ್ಲ. ಆದರೆ ಕಾಸಿಲ್ಲದ ಬಾಲಕನು ಡೇರೆಯ ಹೊರಗೇ ನಿಂತು ಹಾರ್ಮೋನಿಯಂ ಕೇಳಬೇಕಾಯಿತು. ಕಾಸು ಕೇಳದೆ ಮನೆಗೆ ಬಂದದ್ದು ಬಾನುಲಿ. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು; 1950ರಲ್ಲಿ ಧಾರವಾಡ, 1965ರಲ್ಲಿ ಭದ್ರಾವತಿ ನಿಲಯಗಳಾದವು. ಸಂಗೀತವು ಹೀಗೆ ಪುಕ್ಕಟೆಯಾಯಿತು. ಬಣ್ಣ, ವೇಷ, ಕುಣಿತಗಳು ಆಗಲಿಲ್ಲ.

ಆ ಕೊರತೆಯನ್ನು ನೀಗಲು ಹೊರಟವರಲ್ಲಿ ಹೆಗ್ಗೋಡಿನ ನೀನಾಸಂ ಮುಖ್ಯ. 1949ರಲ್ಲಿ ಹುಟ್ಟಿದ ಆ ಸಂಸ್ಥೆಯು 1985ರಲ್ಲಿ ‘ತಿರುಗಾಟ’ವನ್ನು ಆರಂಭಿಸಿ ನಾಟಕವನ್ನು ಚಿಕ್ಕ ಊರುಗಳಿಗೇ ಒಯ್ದಿತು. 1997ರಿಂದ ಸಾಣೇಹಳ್ಳಿಯ ‘ಶಿವಸಂಚಾರ’ವೂ ಹಾಗೆಯೇ ಸಂಚರಿಸತೊಡಗಿತು. ಈಚೆಗೆ ದಾವಣಗೆರೆಗೆ ವೃತ್ತಿರಂಗಭೂಮಿಯ ರಂಗಾಯಣವೂ ಬಂದಿದೆ. ತಂಡಗಳಿಗೆ ಬಡತನವಿಲ್ಲ. ಅವನ್ನು ಸರ್ಕಾರಿ ಶಾಲೆಗೆ ಕರೆಸುವವರಾರು?

ಸರ್ಕಾರದ ‘ಪ್ರತಿಭಾ ಕಾರಂಜಿ’ ಉಂಟಲ್ಲ ಎಂದು ತಾವು ಕೇಳಬಹುದು. ಒಳ್ಳೆಯದೇ, ಆದರೆ ಅದು ಸ್ಪರ್ಧೆ. ಮನೆಯಲ್ಲಿ ಕಲಿತು ಬಂದವನು ಗೆಲ್ಲುತ್ತಾನೆ. ಒಂದು ನಾಟಕವನ್ನೂ ಕಾಣದವನು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ. ಉಡುಪಿನ ಬಾಡಿಗೆಯನ್ನು ಮೇಷ್ಟರು ತಮ್ಮ ಜೇಬಿನಿಂದ ಕೊಡುವುದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಇನ್ನು ದೊಡ್ಡ ಕಂಪನಿಗಳು ಲಾಭದ ನೂರಕ್ಕೆ 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕೆಂಬ ಶಾಸನ 2013ರಲ್ಲಿ ಆಯಿತು. ಕಲೆಗೂ ಅದರಲ್ಲಿ ಸ್ಥಾನವಿದೆ. ವಿಧಿಯ ಆಟ ನೋಡಿ: 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಷ್ಟರಲ್ಲಿ ಮುಚ್ಚಿಹೋಗಿತ್ತು.

ಹಳೆಯ ದಾನಪದ್ಧತಿ ಪೂರ್ತಿ ಅಳಿದಿಲ್ಲ. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ದಾನಿಗಳು ಮೂಲಧನವನ್ನಿಡುತ್ತಾರೆ. ಅದರ ಬಡ್ಡಿಯಿಂದ ವರ್ಷವರ್ಷವೂ ದತ್ತಿ ಉಪನ್ಯಾಸಗಳು ನಡೆಯುತ್ತವೆ, ಎಷ್ಟೋ ಪ್ರೌಢಶಾಲೆಗಳಲ್ಲಿಯೇ. ಪಂಡಿತನಾದ ನಾನು ಉಪನ್ಯಾಸವನ್ನು ಹಳಿಯಲಾರೆ. ಹಿಂದಿನ ಸಾಲಿನ ಹುಡುಗರು ಆಕಳಿಸುವುದಂತೂ ನಿಜ. ಅದೇ ಕ್ರಮದಲ್ಲಿ ಒಂದು ನಾಟಕಕ್ಕೆ ದತ್ತಿಯಿಡಬಾರದೇಕೆ? ಭಾನುವಳ್ಳಿಯಂತಹ ಊರಿನಲ್ಲಿ ಹತ್ತು ಮಂದಿ ಹಳೆಯ ವಿದ್ಯಾರ್ಥಿಗಳು ಸೇರಿದರೆ ಮೂಲಧನವಾದೀತು. ನಟರ ಊಟವನ್ನು ಊರು ನೋಡಿಕೊಳ್ಳುತ್ತದೆ, ರಂಗವಾಗಲು ಶಾಲೆಯ ಅಂಗಳವಿದೆ; ಬಡ್ಡಿಯ ಹಣದಿಂದ ತೆರಬೇಕಾದದ್ದು ತಂಡದ ಸಂಭಾವನೆ, ಬಂದುಹೋಗುವ ವಾಹನದ ಬಾಡಿಗೆ, ಇವೆರಡೇ.