ಒಂದು ಚಮಚ ರಕ್ತದ ಲೆಕ್ಕ

1908ರ ಮಾರ್ಚ್ ತಿಂಗಳು. ನ್ಯೂಯಾರ್ಕಿನ ಶಸ್ತ್ರವೈದ್ಯರೊಬ್ಬರ ಐದು ದಿನದ ಹೆಣ್ಣುಕೂಸು ನಿಲ್ಲದ ರಕ್ತಸ್ರಾವದಿಂದ ಬಿಳಿಚಿಹೋಗಿತ್ತು. ರಾಕ್‌ಫೆಲರ್ ಸಂಸ್ಥೆಯ ಅಲೆಕ್ಸಿಸ್ ಕರೆಲ್, ತಂದೆಯ ಮುಂಗೈಯ ಧಮನಿಯನ್ನು ಮಗುವಿನ ಮೊಣಕಾಲ ಹಿಂದಿನ ಸಿರೆಗೆ ಹೊಲಿದು ಜೋಡಿಸಿದರು. ಕೂಸಿನ ಮೈ ಕೆಂಪೇರಿತು, ಅದು ಬದುಕಿತು. ಎಷ್ಟು ರಕ್ತ ಹರಿಯಿತೆಂದು ಅಳೆಯುವ ಉಪಾಯವಿರಲಿಲ್ಲ. ಮೈಬಣ್ಣವೇ ಮಾಪಕ!

ತಿಂಗಳು ತುಂಬದೆ ಹುಟ್ಟುವ ಶಿಶುಗಳ ರಕ್ತಹೀನತೆ ಇದಕ್ಕಿಂತ ಬೇರೆ ಬಗೆಯದು. ತಾಯಿಯಿಂದ ಮಗುವಿಗೆ ಕಬ್ಬಿಣಾಂಶ ಹೆಚ್ಚಾಗಿ ಸೇರುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಅವಸರದಿಂದ ಬಂದ ಕೂಸಿಗೆ ಆ ಗಂಟು ದಕ್ಕುವುದಿಲ್ಲ. ಕೆಂಪು ರಕ್ತಕಣಗಳ ಆಯುಸ್ಸೂ ಕಡಿಮೆ. ಹೊಸ ಕಣಗಳನ್ನು ಹುಟ್ಟಿಸುವ ಎರಿಥ್ರೊಪೊಯೆಟಿನ್ ಚೋದಕವೂ ಸಾಲದು. ಹೀಗಾಗಿ ಹುಟ್ಟಿದ ಒಂದೆರಡು ತಿಂಗಳೊಳಗೆ ಹಿಮೊಗ್ಲೋಬಿನ್ ಕುಸಿಯುತ್ತದೆ.

ಇದರ ಮೇಲೆ ನಮ್ಮ ಸೂಜಿ ಬೇರೆ. ಒಂದು ಕಿಲೋ ತೂಕದ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 90 ಮಿಲಿಲೀಟರ್. ಪರೀಕ್ಷೆಗೆಂದು ಒಂದು ಚಮಚ, ಅಂದರೆ 5 ಮಿಲಿಲೀಟರ್ ತೆಗೆದರೆ, ದೊಡ್ಡವರಿಂದ ಕಾಲು ಲೀಟರಿಗೂ ಹೆಚ್ಚು ತೆಗೆದಂತೆ. ತೀವ್ರನಿಗಾ ಘಟಕಗಳು ಬೆಳೆದಂತೆ ಪರೀಕ್ಷೆಗಳೂ ಬೆಳೆದವು. ತೆಗೆದದ್ದರ ಲೆಕ್ಕವಿಟ್ಟು, ಅದು ಶೇಕಡಾ 10ರಷ್ಟಾದೊಡನೆ ತುಂಬಿಕೊಡುವುದು ಹಲವೆಡೆ ರೂಢಿಯಾಯಿತು. ಒಂದು ಕೈಯಲ್ಲಿ ಕಸಿದು ಇನ್ನೊಂದು ಕೈಯಲ್ಲಿ ಕೊಡುವ ಈ ವ್ಯವಹಾರವನ್ನು ಬಹುಕಾಲ ಯಾರೂ ಗಟ್ಟಿಯಾಗಿ ಪ್ರಶ್ನಿಸಿದಂತಿಲ್ಲ.

ಪ್ರಶ್ನೆ ಎದ್ದದ್ದು ಭಯದಿಂದ. ದಾನಿಯ ರಕ್ತದಿಂದ ನವಜಾತ ಶಿಶುಗಳಿಗೆ ಸೈಟೊಮೆಗಾಲೊ ವೈರಸ್ ಅಂಟುವುದನ್ನು 1981ರ ಅಧ್ಯಯನವೊಂದು ಖಚಿತಪಡಿಸಿತು. ಹುಟ್ಟಿದೊಡನೆ ರಕ್ತ ಪಡೆದಿದ್ದ ಸ್ಯಾನ್‌ಫ್ರಾನ್ಸಿಸ್ಕೋದ ಮಗುವೊಂದಕ್ಕೆ ಏಡ್ಸ್ ತಗುಲಿದ ವರದಿ 1982ರ ಡಿಸೆಂಬರಿನಲ್ಲಿ ಬಂತು. ಒಂದೇ ದಾನಿಯ ರಕ್ತವನ್ನು ಪುಟ್ಟ ಚೀಲಗಳಲ್ಲಿ ಹಂಚಿಟ್ಟು ಒಂದು ಶಿಶುವಿಗೇ ಮತ್ತೆ ಮತ್ತೆ ಬಳಸುವ ಕ್ರಮ ಮುಂದೆ ಬಂದದ್ದು ಇಂಥ ಅಂಜಿಕೆಯಿಂದಲೇ.

ಹಾಗಾದರೆ ರಕ್ತ ಎಷ್ಟಕ್ಕಿಳಿಯುವವರೆಗೆ ಕಾಯಬಹುದು? 2005ರಲ್ಲಿ ಅಮೆರಿಕದ ಅಯೋವಾದಲ್ಲಿ 100 ಶಿಶುಗಳ ಮೇಲೆ ನಡೆದ ಪ್ರಯೋಗ, ಕಾದರೆ ಮಿದುಳಿಗೆ ಅಪಾಯವಾದೀತೆಂದು ಸೂಚಿಸಿತು. ಮರುವರ್ಷ 451 ಶಿಶುಗಳ ಅಧ್ಯಯನ ಅಂಥ ವ್ಯತ್ಯಾಸ ಕಾಣಲಿಲ್ಲ. ವೈದ್ಯರು ಗೊಂದಲಕ್ಕೆ ಬಿದ್ದರು. 2020ರಲ್ಲಿ ಅಮೆರಿಕದ 1,824 ಶಿಶುಗಳ ಫಲಿತಾಂಶ ಪ್ರಕಟವಾಯಿತು. ಸುಮಾರು ಎರಡು ವರ್ಷದ ವೇಳೆಗೆ ಸಾವು ಅಥವಾ ನರಬೆಳವಣಿಗೆಯ ತೊಂದರೆ, ಧಾರಾಳವಾಗಿ ರಕ್ತ ಕೊಟ್ಟ ಗುಂಪಿನಲ್ಲಿ ಶೇಕಡಾ 50.1, ಬಿಗಿಹಿಡಿದ ಗುಂಪಿನಲ್ಲಿ 49.8. ಅದೇ ವರ್ಷದ ಯುರೋಪಿನ ಅಧ್ಯಯನವೂ ಅದನ್ನೇ ಹೇಳಿತು. ಮೇರೆಯೊಂದಿದೆ, ಅದರೊಳಗೆ ತಾಳ್ಮೆಯಿಂದ ಕಾದರೆ ಕೇಡಿಲ್ಲ.

ಈಗ ಹುಟ್ಟಿದೊಡನೆ ಅಳುವ ಮಗುವಿನ ಹೊಕ್ಕುಳಬಳ್ಳಿಯನ್ನು ತಕ್ಷಣ ಕತ್ತರಿಸದೆ ಒಂದು ನಿಮಿಷವಾದರೂ ಕಾಯುತ್ತಾರೆ; ಮಾಸುಚೀಲದ ರಕ್ತ ಮಗುವಿಗೇ ಹರಿಯಲೆಂದು. ಮೊದಲ ಪರೀಕ್ಷೆಗೆ ಬೇಕಾದ ರಕ್ತವನ್ನೂ ಕೆಲವೆಡೆ ಕೂಸಿನಿಂದಲ್ಲ, ಕತ್ತರಿಸಿದ ಬಳ್ಳಿಯಲ್ಲಿ ಉಳಿದದ್ದರಿಂದಲೇ ತೆಗೆದುಕೊಳ್ಳುತ್ತಾರೆ.