ಎಂಜಿನ್ ತಾಪಮಾಪಕ (ಡೀಸೆಲ್ ಲಾರಿ)

ಎಂಜಿನ್ ತಾಪಮಾಪಕ ಎಂಬುದು ಎಂಜಿನ್ನಿನ ಒಳಗೆ ಹರಿಯುವ ಶೀತಕದ (ಕೂಲೆಂಟ್) ಉಷ್ಣತೆಯನ್ನು ಚಾಲಕನಿಗೆ ತೋರಿಸುವ ಸಾಧನ. ಚಾಲಕರ ಆಡುಮಾತಿನಲ್ಲಿ ಇದು ‘ಟೆಂಪರೇಚರ್ ಮೀಟರ್’ ಅಥವಾ ‘ಹೀಟ್ ಮೀಟರ್’. ವಾಹನದೊಂದಿಗೆ ಬಂದ ಮೂಲ ಮಾಪಕವು ಕೆಟ್ಟಾಗ, ಅಥವಾ ಅದು ಕೊಡುವ ಮಾಹಿತಿ ಸಾಲದೆನಿಸಿದಾಗ, ಹೊರಗಿನಿಂದ ಕೊಂಡ ಪ್ರತ್ಯೇಕ ಮಾಪಕವನ್ನು ಅಳವಡಿಸಲಾಗುತ್ತದೆ.

ಅಗತ್ಯ

ಡೀಸೆಲ್ ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಶೀತಕದ ಮೂಲಕ ರೇಡಿಯೇಟರಿಗೆ ಹೋಗಿ ಗಾಳಿಗೆ ಸೇರಬೇಕು. ಈ ವಿಸರ್ಜನೆಗೆ ಅಡ್ಡಿಯಾದರೆ ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಕೊನೆಗೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಒಂದೇ ಲಾರಿಯನ್ನು ನಂಬಿ ಬದುಕುವ ಮಾಲಿಕನಿಗೆ ಇದು ತಿಂಗಳುಗಟ್ಟಲೆ ದುಡಿಮೆಯ ನಷ್ಟ.

ಕರಾವಳಿಯಲ್ಲಿ ಈ ಅಪಾಯ ಹೆಚ್ಚು. ಉಡುಪಿಯಿಂದ ಮಣಿಪಾಲ, ಪರ್ಕಳ, ಹಿರಿಯಡಕ, ಹೆಬ್ರಿಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 169ಎ ಸೋಮೇಶ್ವರ ದಾಟಿದ ಕೂಡಲೇ 14 ತೀವ್ರ ತಿರುವುಗಳ ಆಗುಂಬೆ ಘಾಟಿಯನ್ನು ಏರುತ್ತದೆ. ಚಿಕ್ಕ ಸರಕು ವಾಹನಗಳು ಈ ಘಾಟಿಯಲ್ಲೇ ಹತ್ತುತ್ತವೆ. ಭಾರದ ಲಾರಿಗಳು ಬಾಳೆಬರೆ ಅಥವಾ ಶಿರಾಡಿ ಘಾಟಿಯನ್ನು ಹಿಡಿಯುತ್ತವೆ. ದಾರಿ ಯಾವುದಾದರೂ ಏರಿನ ಸ್ವಭಾವ ಒಂದೇ: ಕೆಳಗಿನ ಗೇರಿನಲ್ಲಿ ಎಂಜಿನ್ ಪೂರ್ಣ ಶಕ್ತಿಯಿಂದ ದುಡಿಯುತ್ತದೆ, ವಾಹನದ ವೇಗ ಮಾತ್ರ ಅತಿ ಕಡಿಮೆ. ಎದುರುಗಾಳಿಯ ನೆರವಿಲ್ಲದೆ ರೇಡಿಯೇಟರ್ ಪೂರ್ತಿಯಾಗಿ ಫ್ಯಾನನ್ನೇ ಅವಲಂಬಿಸಬೇಕಾಗುತ್ತದೆ. ಸಮತಟ್ಟಿನ ರಸ್ತೆಯಲ್ಲಿ ಸುಳಿವೇ ಕೊಡದ ಸಡಿಲ ಬೆಲ್ಟ್, ಕೆಸರು ತುಂಬಿದ ರೇಡಿಯೇಟರ್ ಮೊದಲಾದ ದೋಷಗಳು ಹೊರಬೀಳುವುದು ಇಲ್ಲಿಯೇ.

ಹಲವು ಮೂಲ ಮಾಪಕಗಳ ಮುಳ್ಳು ಸಾಕಷ್ಟು ವ್ಯತ್ಯಾಸವಾದರೂ ನಡುವಿನಲ್ಲೇ ನಿಲ್ಲುವಂತೆ ರೂಪಿತವಾಗಿರುತ್ತದೆ. ಅದು ಕೆಂಪು ಗೆರೆಗೆ ಹಾರುವಾಗ ಹಾನಿ ಆರಂಭವಾಗಿರಬಹುದು. ಪ್ರತ್ಯೇಕ ಮಾಪಕದ ನಿಜವಾದ ಪ್ರಯೋಜನ ಅಂಕಿಗಳಲ್ಲಿದೆ: ಎಂದಿನ 85 ಡಿಗ್ರಿಯ ಬದಲು 95 ಕಂಡರೆ ಚಾಲಕನು ಮುಂದಿನ ತಿರುವಿಗೆ ಮೊದಲೇ ನಿಲ್ಲಿಸಬಲ್ಲನು.

ವಿಧಗಳು

ಯಾಂತ್ರಿಕ ಮಾಪಕದಲ್ಲಿ ಬೇಗನೆ ಆವಿಯಾಗುವ ದ್ರವ ತುಂಬಿದ ಲೋಹದ ಬುಡ್ಡಿಯೊಂದು ಶೀತಕದಲ್ಲಿ ಮುಳುಗಿರುತ್ತದೆ. ಬಿಸಿಯಾದಂತೆ ಏರುವ ಆವಿಯ ಒತ್ತಡವು ಸೂಕ್ಷ್ಮನಾಳದ ಮೂಲಕ ಹಾದು, 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡನ್ ಪೇಟೆಂಟ್ ಪಡೆದ ಬಾಗುಕೊಳವೆಯನ್ನು ನೆಟ್ಟಗಾಗಿಸಿ ಮುಳ್ಳನ್ನು ತಿರುಗಿಸುತ್ತದೆ. ಇದಕ್ಕೆ ವಿದ್ಯುತ್ ಬೇಡ. ಆದರೆ ನಾಳವನ್ನು ಕತ್ತರಿಸಿ ಜೋಡಿಸುವಂತಿಲ್ಲ. ಮುರಿದರೆ ಮಾಪಕವನ್ನೇ ಬದಲಿಸಬೇಕು.

ವಿದ್ಯುತ್ ಮಾಪಕವು ‘ಸೆಂಡರ್’ ಎಂಬ ಸಂವೇದಕವನ್ನು ಅವಲಂಬಿಸುತ್ತದೆ. ಉಷ್ಣತೆ ಏರಿದಂತೆ ಸೆಂಡರಿನ ವಿದ್ಯುತ್ ರೋಧ ಇಳಿಯುತ್ತದೆ, ಮುಳ್ಳು ಮೇಲೇರುತ್ತದೆ. ಮೀಟರ್ ಮತ್ತು ಸೆಂಡರ್ ಒಂದೇ ಜೋಡಿಯವಾಗಿರಬೇಕು. ಬೇರೆ ಬೇರೆ ತಯಾರಕರದನ್ನು ಸೇರಿಸಿದರೆ ತೋರುವ ಅಂಕಿಗೆ ಅರ್ಥವಿಲ್ಲ. ಭಾರದ ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್, ಚಿಕ್ಕ ಸರಕು ವಾಹನಗಳಲ್ಲಿ 12 ವೋಲ್ಟ್ ವ್ಯವಸ್ಥೆ ಇರುವುದರಿಂದ ಕೊಳ್ಳುವಾಗಲೇ ಗಮನಿಸಬೇಕು.

ಅಳವಡಿಸುವ ಕ್ರಮ

ಮೊದಲು ಸೆಂಡರನ್ನು ಪರೀಕ್ಷಿಸುವುದು ಒಳ್ಳೆಯದು. ಮೀಟರಿಗೆ ತಾತ್ಕಾಲಿಕವಾಗಿ ಜೋಡಿಸಿ, ಸೆಂಡರಿನ ತುದಿಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ಅದ್ದಿದರೆ ಮುಳ್ಳು 100ರ ಆಸುಪಾಸಿಗೆ ಬರಬೇಕು. ಐದು ನಿಮಿಷದ ಈ ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಳಿಕ ತಪ್ಪು ಎಂಜಿನ್ನಿನದೋ ಮಾಪಕದ್ದೋ ಎಂದು ತಿಳಿಯದೆ ತಡಕಾಡಬೇಕಾಗುತ್ತದೆ.

ಎಂಜಿನ್ ಪೂರ್ಣ ತಣಿದಿರಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಒತ್ತಡದಲ್ಲಿದ್ದ ಶೀತಕವು ಥಟ್ಟನೆ ಕುದಿದು ಮುಖಕ್ಕೆ ಎರಚುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಸ್ವಲ್ಪ ಶೀತಕವನ್ನು ಸ್ವಚ್ಛ ಪಾತ್ರೆಗೆ ಇಳಿಸಿಕೊಳ್ಳಬೇಕು.

ಸೆಂಡರಿನ ಸ್ಥಾನವೇ ಇಡೀ ಕೆಲಸದ ಜೀವಾಳ. ಸಿಲಿಂಡರ್ ಹೆಡ್ಡಿನಲ್ಲಿ ನೀರಿನ ದಾರಿಗೆ ತೆರೆಯುವ, ತಿರುಪಿನಿಂದ ಮುಚ್ಚಿದ ರಂಧ್ರ ಅಥವಾ ಥರ್ಮೋಸ್ಟಾಟಿನ ಎಂಜಿನ್ ಬದಿಯ ಕವಚ ಯೋಗ್ಯ ಜಾಗ. ಅಂಥ ರಂಧ್ರವಿಲ್ಲದಿದ್ದರೆ ರೇಡಿಯೇಟರಿನ ಮೇಲಿನ ಹೋಸನ್ನು ಕತ್ತರಿಸಿ ಲೋಹದ ಅಡಾಪ್ಟರ್ ಕೂಡಿಸುವುದುಂಟು. ಆದರೆ ಅಲ್ಲಿಗೆ ಬಿಸಿನೀರು ಬರುವುದು ಥರ್ಮೋಸ್ಟಾಟ್ ತೆರೆದ ಮೇಲೆ. ಅದು ತೆರೆಯದೆ ಸಿಕ್ಕಿಕೊಂಡರೆ ಎಂಜಿನ್ ಕುದಿಯುತ್ತಿದ್ದರೂ ಮೀಟರ್ ತಂಪನ್ನೇ ತೋರಿಸಬಹುದು. ಕೆಳಗಿನ ಹೋಸು ಸಲ್ಲದು, ಅದರಲ್ಲಿ ಹರಿಯುವುದು ತಣಿದ ನೀರು.

ಒಂದೇ ತಂತಿಯ ಸೆಂಡರ್ ತನ್ನ ತಿರುಪಿನ ಮೂಲಕವೇ ಅರ್ಥಿಂಗ್ ಪಡೆಯುತ್ತದೆ. ಸೋರಿಕೆ ತಡೆಯಲೆಂದು ಟೆಫ್ಲಾನ್ ಟೇಪನ್ನು ದಪ್ಪವಾಗಿ ಸುತ್ತಿದರೆ ಸಂಪರ್ಕ ಕಡಿದು ಅಳತೆ ತಪ್ಪುತ್ತದೆ. ರಬ್ಬರ್ ಹೋಸಿನ ನಡುವೆ ಅಡಾಪ್ಟರ್ ಹಾಕಿದಾಗ ಅದಕ್ಕೆ ಪ್ರತ್ಯೇಕ ಅರ್ಥ್ ತಂತಿ ಬೇಕೇ ಬೇಕು.

ಮೀಟರಿನ ವಿದ್ಯುತ್ತನ್ನು ಇಗ್ನಿಷನ್ ಕೀ ತಿರುಗಿಸಿದಾಗ ಮಾತ್ರ ಹರಿಯುವ ತಂತಿಯಿಂದ, ಚಿಕ್ಕ ಫ್ಯೂಸಿನ ಮೂಲಕ ಪಡೆಯಬೇಕು. ಮೀಟರಿನೊಳಗಿನ ಬಲ್ಬನ್ನು ಪಾರ್ಕಿಂಗ್ ದೀಪದ ತಂತಿಗೆ ಸೇರಿಸಲಾಗುತ್ತದೆ. ತಂತಿ ತಗಡನ್ನು ಹಾದುಹೋಗುವಲ್ಲಿ ರಬ್ಬರ್ ಗ್ರಾಮೆಟ್ ಇರಬೇಕು. ಕ್ಯಾಬಿನ್ ಮುಂದಕ್ಕೆ ಮಗುಚುವ ಲಾರಿಗಳಲ್ಲಿ ತಿರುಗಣಿಯ ಬಳಿ ತಂತಿಯನ್ನು ಸಡಿಲ ಬಿಡದಿದ್ದರೆ ಮುಂದಿನ ರಿಪೇರಿಯಲ್ಲೇ ಅದು ಕಿತ್ತುಬರುತ್ತದೆ. ಮಲ್ಪೆ ಬಂದರಿನಿಂದ ಮೀನು ಸಾಗಿಸುವ ವಾಹನಗಳಲ್ಲಿ ಮಂಜುಗಡ್ಡೆಯ ಉಪ್ಪುನೀರು ತಾಗಿ ಸಂದುಗಳು ತುಕ್ಕು ಹಿಡಿಯುವುದರಿಂದ, ಬೆಸುಗೆ ಹಾಕಿ ಮುಚ್ಚಿದ ಜೋಡಣೆಯೇ ಲೇಸು.

ಶೀತಕವನ್ನು ಮರಳಿ ತುಂಬಿ, ಗಾಳಿಯ ಗುಳ್ಳೆಗಳನ್ನು ಹೊರಬಿಟ್ಟು, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ ಸೋರಿಕೆ ನೋಡಬೇಕು. ಬಳಿಕ ತಣಿಯಲು ಬಿಟ್ಟು ಮಟ್ಟ ಪರೀಕ್ಷಿಸಬೇಕು.

ಅಳತೆಯ ಅರ್ಥ

ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಸಹಜ. ನಿಖರ ಮಿತಿಯನ್ನು ತಯಾರಕರ ಕೈಪಿಡಿಯಲ್ಲಿ ನೋಡಬೇಕು. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಸುಮಾರು 640 ಮೀಟರ್ ಎತ್ತರದ ಆಗುಂಬೆಯಲ್ಲಿ ಎರಡು ಡಿಗ್ರಿ ಮೊದಲೇ ಕುದಿಯುತ್ತದೆ. ಸುಮಾರು 1 ಬಾರ್ ಒತ್ತಡ ಹಿಡಿದಿಡುವ ಮುಚ್ಚಳವು ಕುದಿಬಿಂದುವನ್ನು 120ರ ಸಮೀಪಕ್ಕೆ ಏರಿಸುತ್ತದೆ. ಸವೆದ ಮುಚ್ಚಳ ಈ ರಕ್ಷಣೆಯನ್ನು ಕಳೆದುಬಿಡುತ್ತದೆ.

ಮಾಪಕಕ್ಕೂ ಒಂದು ಕುರುಡಿದೆ. ಹೋಸ್ ಒಡೆದು ಶೀತಕವೆಲ್ಲ ಸೋರಿಹೋದರೆ ಸೆಂಡರ್ ದ್ರವದ ಸಂಪರ್ಕ ಕಳೆದುಕೊಂಡು ಮುಳ್ಳು ಇಳಿಯಬಹುದು. ಏರಿನಲ್ಲಿ ಮುಳ್ಳು ದಿಢೀರನೆ ಕೆಳಗೆ ಬಿದ್ದರೆ ಅದು ಸಮಾಧಾನದ ಸಂಗತಿಯಲ್ಲ. ತಕ್ಷಣ ಎಂಜಿನ್ ನಿಲ್ಲಿಸಬೇಕು. ತಂತಿ ಕಡಿದರೂ ಮುಳ್ಳು ಕೆಳತುದಿಗೆ ಬರುತ್ತದೆ. ತಂತಿ ಚಾಸಿಗೆ ತಾಗಿದರೆ ಮೇಲ್ತುದಿಗೆ ಹೋಗುತ್ತದೆ.

ಶೀತಕ ಇದ್ದು, ಬೆಲ್ಟ್ ತಿರುಗುತ್ತಿದ್ದು ಬಿಸಿ ಮಾತ್ರ ಏರಿದ್ದರೆ ಲಾರಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ನನ್ನು ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಡುವುದು ಸರಿ. ಕಾದ ಎಂಜಿನ್ನಿಗೆ ತೊರೆಯ ತಣ್ಣೀರನ್ನು ಸುರಿಯುವ ಹಳೆಯ ಅಭ್ಯಾಸದಿಂದ ಎರಕದ ಲೋಹ ಸೀಳಬಹುದು.

ಹೊಸ ವಾಹನಗಳು

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮದ ಲಾರಿಗಳಲ್ಲಿ ಮೂಲ ಸಂವೇದಕವು ಎಂಜಿನ್ ನಿಯಂತ್ರಣ ಗಣಕಕ್ಕೆ ಮಾಹಿತಿ ಕೊಡುತ್ತದೆ. ಅದನ್ನು ಕಳಚಿ ಆ ಜಾಗದಲ್ಲಿ ಬೇರೆ ಸೆಂಡರ್ ಕೂರಿಸುವುದಾಗಲಿ, ಅದರ ತಂತಿಯಿಂದ ಕವಲು ತೆಗೆಯುವುದಾಗಲಿ ಸಲ್ಲದು. ಇಂಥ ವಾಹನಗಳಲ್ಲಿ ತಪಾಸಣಾ ಪೋರ್ಟಿಗೆ ಜೋಡಿಸುವ ಡಿಜಿಟಲ್ ಫಲಕದಿಂದ ಅದೇ ಸಂವೇದಕದ ಅಂಕಿಯನ್ನು ಓದಬಹುದು. ಫಲಕವು ಆ ವಾಹನದ ಸಂವಹನ ಪದ್ಧತಿಗೆ ಹೊಂದುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ವಾರಂಟಿ ಇನ್ನೂ ಉಳಿದಿದ್ದರೆ ಅದರ ಷರತ್ತುಗಳನ್ನೂ ಓದಬೇಕು.