ಅಟ್ಲಾಂಟಿಕ್‌ನ ಕಿವಿಗಳು

ನೀರಿನೊಳಗೆ ಬೆಳಕು ಬಹುದೂರ ಸಾಗದು, ಸದ್ದು ಸಾಗುತ್ತದೆ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಡಾನ್ ಮತ್ತು ಸ್ಟರ್ಮ್ ಎಂಬ ವಿಜ್ಞಾನಿಗಳು ಅದರ ವೇಗವನ್ನು ಅಳೆದರು. ಒಂದು ದೋಣಿಯಿಂದ ನೀರಿಗಿಳಿಸಿದ ಗಂಟೆಯನ್ನು ಬಾರಿಸಿದ ಕ್ಷಣವೇ ಮೇಲೆ ಸಿಡಿಮದ್ದು ಹೊತ್ತಿಕೊಳ್ಳುತ್ತಿತ್ತು. ಹದಿಮೂರು ಕಿಲೋಮೀಟರಿಗೂ ಆಚೆ ಇನ್ನೊಂದು ದೋಣಿಯಲ್ಲಿ ಕುಳಿತ ಕೊಲಡಾನ್, ಮದ್ದಿನ ಬೆಳಕು ಕಂಡದ್ದರಿಂದ ಹಿಡಿದು ಗಂಟೆಯ ನಾದ ಕೇಳುವವರೆಗಿನ ಹೊತ್ತನ್ನು ಎಣಿಸಿದರು. ಲೆಕ್ಕ ಸೆಕೆಂಡಿಗೆ 1435 ಮೀಟರ್ ಎಂದು ಬಂತು. ಗಾಳಿಯಲ್ಲಿ ಸದ್ದು ಸಾಗುವ ವೇಗದ ನಾಲ್ಕು ಪಟ್ಟಿಗೂ ಹೆಚ್ಚು.

ಈ ತಿಳಿವಳಿಕೆಯನ್ನು ಸಮುದ್ರದಲ್ಲಿ ದೊಡ್ಡದಾಗಿ ಬಳಸಿದ್ದು ಯುದ್ಧ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಜಲಾಂತರ್ಗಾಮಿಗಳ ಜಾಡು ಹಿಡಿಯಲು ಅಮೆರಿಕದ ನೌಕಾಪಡೆ 1950ರ ದಶಕದಿಂದ ಸಮುದ್ರದ ತಳದಲ್ಲಿ ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್‌ಗಳ ಸಾಲುಗಳನ್ನು ಹಾಸಿ, ಕೇಬಲ್ ಮೂಲಕ ದಡದ ಠಾಣೆಗಳಿಗೆ ಜೋಡಿಸಿತು. ಸೋಸಸ್ ಎಂಬ ಈ ವ್ಯವಸ್ಥೆಯ ಇರವೇ 1991ರವರೆಗೆ ಗುಟ್ಟಾಗಿತ್ತು. ಠಾಣೆಗಳಲ್ಲಿ ಹಗಲಿರುಳು ಕಾಗದದ ಮೇಲೆ ಮೂಡುತ್ತಿದ್ದ ಗೆರೆಗಳಲ್ಲಿ ಒಂದು ಮಾತ್ರ ಯಾವ ಯಂತ್ರಕ್ಕೂ ಹೊಂದುತ್ತಿರಲಿಲ್ಲ. 20 ಹರ್ಟ್ಸ್ ಆಸುಪಾಸಿನ, ಮನುಷ್ಯನ ಕಿವಿಗೆ ಸಿಕ್ಕೂ ಸಿಗದಷ್ಟು ತಗ್ಗಿದ ಮಿಡಿತ ಅದು. ಕೆಲವೇ ಸೆಕೆಂಡುಗಳ ಅಂತರದಲ್ಲಿ, ಗಂಟೆಗಟ್ಟಲೆ ಒಂದೇ ಲಯದಲ್ಲಿ ಬರುತ್ತಿತ್ತು. ಅಷ್ಟು ನಿಯಮಿತವಾದದ್ದು ಜೀವಿಯ ದನಿಯಾಗಿರಲು ಸಾಧ್ಯವೆಂದು ನಂಬುವುದೇ ಹಲವರಿಗೆ ಕಷ್ಟವಾಯಿತು. 1964ರಲ್ಲಿ ವುಡ್ಸ್ ಹೋಲ್ ಸಂಸ್ಥೆಯ ಶೆವಿಲ್, ವಾಟ್ಕಿನ್ಸ್ ಮತ್ತು ಬ್ಯಾಕಸ್ ಅದು ಫಿನ್ ತಿಮಿಂಗಿಲದ ಕೂಗೆಂದು ಪ್ರಕಟಿಸಿದರು. ಅಡ್ಡಿಯೆಂದು ಬದಿಗೆ ಸರಿಸಿದ್ದ ಸದ್ದಿನಲ್ಲೇ ಸಾಗರದ ಬದುಕು ದಾಖಲಾಗುತ್ತಿತ್ತು.

ಬರ್ಮುಡಾದಲ್ಲಿ ನೌಕಾಪಡೆಗಾಗಿ ದುಡಿಯುತ್ತಿದ್ದ ಎಂಜಿನಿಯರ್ ಫ್ರಾಂಕ್ ವಾಟ್ಲಿಂಗ್ಟನ್ ಕೂಡ ತಮ್ಮ ಹೈಡ್ರೋಫೋನ್‌ಗಳಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳ ದನಿಯನ್ನು ಹಿಡಿದಿದ್ದರು. ಬೇಟೆಗಾರರ ಕೈಗೆ ಸಿಕ್ಕರೆ ಇದೇ ದನಿ ತಿಮಿಂಗಿಲಗಳನ್ನು ಹುಡುಕಿ ಕೊಲ್ಲುವ ಸಾಧನವಾದೀತೆಂದು ಹೆದರಿ ಆ ಟೇಪುಗಳನ್ನು ಗುಟ್ಟಾಗಿ ಇಟ್ಟುಕೊಂಡಿದ್ದರು. ಕೊನೆಗೆ ರೋಜರ್ ಮತ್ತು ಕೇಟಿ ಪೇನ್ ದಂಪತಿಗೆ ಒಪ್ಪಿಸಿದರು. ಅವು ಬಿಡಿ ಕೂಗುಗಳಲ್ಲ, ಕ್ರಮತಪ್ಪದೆ ಮರುಕಳಿಸುವ ಹಾಡುಗಳು ಎಂದು ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ 1971ರ ಪ್ರಬಂಧದಲ್ಲಿ ತೋರಿಸಿದರು. ಅದಕ್ಕೂ ಒಂದು ವರ್ಷ ಮೊದಲೇ ಆ ಹಾಡುಗಳ ಗ್ರಾಮಫೋನ್ ತಟ್ಟೆ ಹೊರಬಂದು ಮನೆಮನೆ ಸೇರಿತ್ತು. ವ್ಯಾಪಾರಕ್ಕಾಗಿ ತಿಮಿಂಗಿಲ ಬೇಟೆಯಾಡುವುದನ್ನು ತಡೆಹಿಡಿಯಲು ಅಂತರರಾಷ್ಟ್ರೀಯ ಆಯೋಗ 1982ರಲ್ಲಿ ನಿರ್ಧರಿಸಿದ್ದರ ಹಿಂದಿನ ಜನಾಭಿಪ್ರಾಯವನ್ನು ಬೆಳೆಸುವಲ್ಲಿ ಆ ದನಿಯ ಪಾಲು ದೊಡ್ಡದು.

ಬೇಟೆ ನಿಂತ ಮೇಲೂ ಉತ್ತರ ಅಟ್ಲಾಂಟಿಕ್‌ನ ರೈಟ್ ತಿಮಿಂಗಿಲ ಚೇತರಿಸಿಕೊಳ್ಳಲಿಲ್ಲ. ಇಂದು ಉಳಿದಿರುವುದು 400ಕ್ಕಿಂತ ಕಡಿಮೆ. ಹಡಗಿನ ಡಿಕ್ಕಿ, ಮೀನುಗಾರಿಕೆಯ ಹಗ್ಗ, ಇವೆರಡೇ ಅದನ್ನು ಹೆಚ್ಚಾಗಿ ಕೊಲ್ಲುತ್ತಿವೆ. ಮೈ ಕಪ್ಪು, ಬೆನ್ನ ಮೇಲೆ ರೆಕ್ಕೆಯಿಲ್ಲ, ಈಜು ನಿಧಾನ. ಹಡಗಿನ ಮೇಲಿನ ಕಣ್ಣಿಗೆ ಅದು ಬೀಳುವುದು ಕಷ್ಟ, ರಾತ್ರಿಯಲ್ಲಿ ಮತ್ತು ಮಂಜಿನಲ್ಲಂತೂ ಆಗದ ಮಾತು. ಆದರೆ ಅದು ತನ್ನವರನ್ನು ಕರೆಯುವ, ತಗ್ಗಿನಿಂದ ಮೇಲಕ್ಕೇರುವ ಸುಮಾರು ಒಂದು ಸೆಕೆಂಡಿನ ಕೂಗು ಸ್ಪಷ್ಟವಾದ ಗುರುತು.

ಬೋಸ್ಟನ್ ಬಂದರಿನ ಎದುರಿಗಿರುವ ಮ್ಯಾಸಚೂಸೆಟ್ಸ್ ಕೊಲ್ಲಿಯಲ್ಲಿ ಈ ಕೂಗಿಗೆ ಆಡಳಿತ ಕಿವಿಗೊಟ್ಟಿತು. 2007ರಲ್ಲಿ, ದಶಕಗಳ ಕಾಲ ಕಣ್ಣಾರೆ ಕಂಡು ಗುರುತಿಸಿಟ್ಟ ದಾಖಲೆಗಳನ್ನು ಆಧರಿಸಿ, ತಿಮಿಂಗಿಲಗಳು ಹೆಚ್ಚು ಸೇರುವ ಜಾಗವನ್ನು ತಪ್ಪಿಸುವಂತೆ ಹಡಗು ಮಾರ್ಗವನ್ನೇ ಉತ್ತರಕ್ಕೆ ತಿರುಗಿಸಲಾಗಿತ್ತು. ಮರುವರ್ಷ ಆ ಮಾರ್ಗದುದ್ದಕ್ಕೂ ಹತ್ತು ತೇಲುಬುರುಡೆಗಳನ್ನು ನಿಲ್ಲಿಸಿದರು. ನೀರೊಳಗಿನ ಹೈಡ್ರೋಫೋನ್ ಹಿಡಿದ ಸದ್ದಿನಲ್ಲಿ ರೈಟ್ ತಿಮಿಂಗಿಲದ ಕೂಗಿನಂಥದ್ದನ್ನು ಬುರುಡೆಯ ಗಣಕ ಹೆಕ್ಕಿ, ಉಪಗ್ರಹದ ಮೂಲಕ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಿತ್ತು. ಅಲ್ಲಿ ಪರಿಣತರು ಕೇಳಿ ಖಚಿತಪಡಿಸಿದ ಮೇಲೆ ಎಚ್ಚರಿಕೆ ಹೊರಡುತ್ತಿತ್ತು. ದ್ರವೀಕೃತ ಅನಿಲ ಹೊತ್ತ ಹಡಗುಗಳು 10 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 18.5 ಕಿಲೋಮೀಟರಿಗೆ, ವೇಗ ಇಳಿಸಬೇಕಿತ್ತು.

ಅದೇ ಕೊಲ್ಲಿಯ ಧ್ವನಿಮುದ್ರಣಗಳು ಇನ್ನೊಂದು ನೋವಿನ ಸಂಗತಿಯನ್ನೂ ಹೊರಗೆಡವಿದವು. ಹಡಗುಗಳ ಮೊರೆತದಿಂದಾಗಿ ರೈಟ್ ತಿಮಿಂಗಿಲಗಳು ಒಂದರ ಕೂಗನ್ನು ಇನ್ನೊಂದು ಕೇಳಿಸಿಕೊಳ್ಳಬಲ್ಲ ಹರವು, ಹಿಂದಿನ ನಿಶ್ಶಬ್ದ ಕಾಲಕ್ಕೆ ಹೋಲಿಸಿದರೆ ಮೂರನೇ ಎರಡು ಭಾಗದಷ್ಟು ಕುಗ್ಗಿದೆ ಎಂದು 2012ರ ಅಧ್ಯಯನ ಅಂದಾಜಿಸಿತು. ಗದ್ದಲ ಮೈಗೂ ತಟ್ಟುತ್ತದೆಂಬುದಕ್ಕೆ ಅದೇ ವರ್ಷ ಸಾಕ್ಷಿ ಸಿಕ್ಕಿತು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ತಗ್ಗಿ, ನೀರಿನ ಗದ್ದಲ 6 ಡೆಸಿಬೆಲ್‌ನಷ್ಟು ಇಳಿದಿತ್ತು. ಆ ದಿನಗಳಲ್ಲಿ ಬೇರೆ ಉದ್ದೇಶಕ್ಕಾಗಿ ಸಂಗ್ರಹಿಸಿದ್ದ ತಿಮಿಂಗಿಲಗಳ ಮಲವನ್ನು ಪರೀಕ್ಷಿಸಿದಾಗ, ಒತ್ತಡದ ಹಾರ್ಮೋನಿನ ಅಂಶವೂ ಇಳಿದಿದ್ದುದು ರೊಸಲಿಂಡ್ ರೋಲಂಡ್ ಮತ್ತು ಸಂಗಡಿಗರಿಗೆ ಕಂಡಿತು.

ಬಳಿಕ ತಿಮಿಂಗಿಲಗಳ ಜಾಡೇ ಬದಲಾಯಿತು. ಮೇವನ್ನು ಅರಸಿ ಅವು ಸೇಂಟ್ ಲಾರೆನ್ಸ್ ಕೊಲ್ಲಿಯ ಕಡೆಗೆ ಸರಿದವು. ರಕ್ಷಣೆಯ ನಿಯಮಗಳು ಅಲ್ಲಿಗಿನ್ನೂ ತಲುಪಿರಲಿಲ್ಲ. 2017ರಲ್ಲಿ ಕೆನಡಾದ ನೀರಿನಲ್ಲಿ 12 ರೈಟ್ ತಿಮಿಂಗಿಲಗಳು ಸತ್ತು ಸಿಕ್ಕಿದವು. ನಕ್ಷೆಯ ಮೇಲೆ ಒಮ್ಮೆ ಗೆರೆ ಎಳೆದರೆ ಸಾಲದೆಂದು ಆ ಸಾವುಗಳು ಮನಗಾಣಿಸಿದವು. ಇಂದು ಅಲ್ಲಿ ನೀರೊಳಗೆ ತಾವಾಗಿಯೇ ಚಲಿಸುವ ಗ್ಲೈಡರ್‌ಗಳು ಹೈಡ್ರೋಫೋನ್ ಹೊತ್ತು ಕೊಲ್ಲಿಯನ್ನು ಸುತ್ತುತ್ತವೆ. ತಿಮಿಂಗಿಲ ಕಂಡರೆ ಮಾತ್ರವಲ್ಲ, ಕೂಗು ಕೇಳಿದರೂ ಆ ಭಾಗದಲ್ಲಿ ಬಲೆ, ಬೋನು ಇಳಿಸುವುದನ್ನು 15 ದಿನ ನಿಲ್ಲಿಸುತ್ತಾರೆ.

ಕಿವಿಗೂ ಮಿತಿಯಿದೆ. ಎಳೆಮರಿ ಜೊತೆಗಿರುವ ತಾಯಿ ರೈಟ್ ತಿಮಿಂಗಿಲ ಜೋರಾಗಿ ಕೂಗುವುದು ಅಪರೂಪ. ಹತ್ತಿರದಲ್ಲಷ್ಟೇ ಕೇಳುವ ಸಣ್ಣ ದನಿಯಲ್ಲಿ ಅದು ಮರಿಯೊಂದಿಗೆ ಸಂಪರ್ಕದಲ್ಲಿರುತ್ತದೆ. ಕೂಗು ಕೇಳದ ನೀರನ್ನು ತಿಮಿಂಗಿಲವಿಲ್ಲದ ನೀರೆಂದು ಎಣಿಸುವಂತಿಲ್ಲ. ಅವು ಮರಿ ಹಾಕುವ ಜಾರ್ಜಿಯಾ, ಫ್ಲಾರಿಡಾ ಕರಾವಳಿಯಲ್ಲಿ ಅಮೆರಿಕ 2008ರಲ್ಲಿ ತಂದ ವೇಗದ ನಿಯಮ ಕೂಗಿಗಾಗಿ ಕಾಯುವುದಿಲ್ಲ: ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ, 65 ಅಡಿ ಮತ್ತು ಅದಕ್ಕೂ ಉದ್ದದ ಹಡಗುಗಳು 10 ನಾಟ್ ಮೀರುವಂತಿಲ್ಲ.